ರೇಂಜಿಗೆ ಬಾರದ ಅಧ್ಯಕ್ಷರು

ಗಣಿತದ ಜಲಜಾಕ್ಷಿ ಮೇಡಂ ಇವತ್ತಿಗೂ ಸೇವಂತಿಗೆ ಮುಡಿಯುವುದಿಲ್ಲ. ಅದಕ್ಕೆ ಕಾರಣ ಒಂದು ಫಂಕ್ಷನ್.

ಅವರು ಬೋರ್ಡಿನ ಮೂಲೆಯಲ್ಲಿ "ನಾಳೆ ಫಂಕ್ಷನ್" ಅಂತ ಪಾಠದ ಹೆಸರು ಬರೆದಿದ್ದರು. ಅದು ಕಾಲೇಜಿನ ಅಧ್ಯಕ್ಷ ಚನ್ನವೀರಪ್ಪನವರ ಕಣ್ಣಿಗೆ ಬಿತ್ತು.

"ಏನಮ್ಮಾ, ನನ್ನ ಕಾಲೇಜಲ್ಲಿ ನನಗೇ ಹೇಳದೆ ಫಂಕ್ಷನ್ನಾ? ನಾನೇ ಮುಖ್ಯ ಅತಿಥಿ. ಹಾರ ತುರಾಯಿ ಎಲ್ಲಾ ನನ್ನ ರೇಂಜಿಗೆ ತಕ್ಕ ಹಾಗಿರಲಿ!"

ಅದು ಬರೀ ಪಾಠ ಅಂದರೆ ಅವರಿಗೆ ಅವಮಾನ, ಇವರ ಕೆಲಸಕ್ಕೆ ಕುತ್ತು. ಮೇಡಂ ತಲೆ ಓಡಿಸಿದರು. "ಬನ್ನಿ ಸಾರ್, ಹೂ ಕೊಡೋದೇ ಕಾರ್ಯಕ್ರಮ."

ಮರುದಿನ ಅಧ್ಯಕ್ಷರು ತಮಗೆ ಹೊದಿಸಬೇಕಾದ ಶಾಲನ್ನು ತಾವೇ ಕವರಿನಲ್ಲಿ ತಂದಿದ್ದರು. ಮೇಡಂ ಮಕ್ಕಳ ಕೈಗೆ ಒಂದೊಂದು ಸೇವಂತಿಗೆ ಕೊಟ್ಟರು.

"ಹೂ ಹಿಡಿದವರೆಲ್ಲ ಸೇರಿ ಡೊಮೇನ್. ಪ್ರತಿಯೊಬ್ಬರೂ ತಮಗೆ ಇಷ್ಟವಾದ ಒಬ್ಬರಿಗೆ ಮಾತ್ರ ಹೂ ಕೊಡಬೇಕು. ಯಾರೂ ಉಳಿಸಿಕೊಳ್ಳುವ ಹಾಗಿಲ್ಲ. ಇದೇ ಫಂಕ್ಷನ್. ಹೂ ಸಿಕ್ಕಿದವರೆಲ್ಲ ಸೇರಿ ರೇಂಜ್."

ಬಾಗಿಲಲ್ಲಿ ನಿಂತಿದ್ದ ಗಂಟೆ ಹೊಡೆಯುವ ಮರಿಯಣ್ಣನ ಕೈ ತುಂಬಿತು. ಮೇಡಂ ಮಡಿಲೂ ತುಂಬಿತು. ಅಧ್ಯಕ್ಷರ ಕುರ್ಚಿಯ ಹತ್ತಿರ ಒಬ್ಬರೂ ಸುಳಿಯಲಿಲ್ಲ.

"ಮತ್ತೆ ನಾನು?" ಎಂದರು ಅಧ್ಯಕ್ಷರು.

"ನೀವು ರೇಂಜಲ್ಲೇ ಇಲ್ಲ ಸಾರ್," ಅಂದರು ಮೇಡಂ ನಯವಾಗಿ. ಕ್ಲಾಸು ಗೊಳ್ಳೆಂದು ನಕ್ಕಿತು.

ಅಧ್ಯಕ್ಷರು ಕೂಗಾಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಕೂಗಾಡಲಿಲ್ಲ. "ಪಾಠ ಚೆನ್ನಾಗಿ ಅರ್ಥ ಆಯ್ತಮ್ಮಾ" ಎಂದು, ಶಾಲಿನ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಲ್ಲಗೆ ಹೊರಟರು.

ಆ ಬೆನ್ನು ಬಾಗಿಲು ದಾಟುವಾಗ ಮೇಡಂ ಕರುಳು ಚುರ್ ಅಂದಿತು. ಮಡಿಲಲ್ಲಿ ಅಷ್ಟೊಂದು ಹೂವಿತ್ತು. ತಮ್ಮನ್ನೂ ಡೊಮೇನಿಗೆ ಸೇರಿಸಿಕೊಂಡಿದ್ದರೆ, ಒಂದು ಹೂವಾದರೂ ಆ ಕುರ್ಚಿಗೆ ಹೋಗುತ್ತಿತ್ತು.