ಕಡಲಹಕ್ಕಿಗೆ ಇಟ್ಟ ಹೆಸರು

ನಡುಗಡ್ಡೆಯ ಬಂಡೆಯ ಮೇಲೆ ಕಂದು ಕಡಲಹಕ್ಕಿಯೊಂದು ಮೊಟ್ಟೆಗೆ ಕಾವು ಕೊಡುತ್ತಿತ್ತು. ಪಕ್ಕದಲ್ಲೇ ಮೊಟ್ಟೆಯಿಟ್ಟಿದ್ದ ರೀವ ಎಂಬ ಇನ್ನೊಂದು ಜಾತಿಯ ಕಡಲಹಕ್ಕಿ, "ಅಕ್ಕಾ, ಕೇಳಿದೆಯಾ? ಪಂಡಿತರು ಲ್ಯಾಟಿನ್‌ನಲ್ಲಿ ನಿನಗೆ 'ಬುದ್ಧಿಯಿಲ್ಲದ ಮಂಕು' ಎಂದು ಹೆಸರಿಟ್ಟಿದ್ದಾರಂತೆ. ಮನುಷ್ಯ ಕೈಚಾಚಿದರೂ ನೀನು ಹಾರುವುದಿಲ್ಲವಲ್ಲ, ಅದಕ್ಕೆ!" ಎಂದು ನಕ್ಕಿತು.

ಕಂದುಹಕ್ಕಿಗೆ ಚುರುಕ್ಕೆಂದಿತು. "ಹೆಸರಿಟ್ಟವರು ನನ್ನ ಹೊಟ್ಟೆಯಡಿ ಏನಿದೆಯೆಂದು ನೋಡಲಿಲ್ಲ, ತಂಗಿ."

ಅಷ್ಟರಲ್ಲಿ ಮೊಟ್ಟೆ ಕದಿಯಲು ಏಡಿಯೊಂದು ಬಂತು. ರೀವ ಕಿರುಚುತ್ತ ಮೇಲಕ್ಕೆ ಹಾರಿತು. ಕಂದುಹಕ್ಕಿ ಕದಲಲಿಲ್ಲ; ಒಂದು ರೆಕ್ಕೆ ಬಿಚ್ಚಿ ಪಕ್ಕದ ಮೊಟ್ಟೆಯನ್ನೂ ಮುಚ್ಚಿ, ಕುಕ್ಕಿ ಕುಕ್ಕಿ ಏಡಿಯನ್ನು ಓಡಿಸಿತು.

ರೀವ ನಾಚಿಕೊಂಡು ಇಳಿಯಿತು. "ಅಕ್ಕಾ, ಪಂಡಿತರಿಗೆ ಹೇಳಿ ಆ ಹೆಸರು ತೆಗೆಸೋಣವೆ?"

"ಅದು ಹಾಗೇ ಇರಲಿ ಬಿಡೇ. ಮೊದಲು ಬಂದು ಕೂರು, ನಿನ್ನ ಮೊಟ್ಟೆ ತಣ್ಣಗಾಗುತ್ತಿದೆ."