ಬೇಟೆನಾಯಿ ಒಪ್ಪಿದ ಜಿಗಣೆ

ಮುಧೋಳದ ಬೇಟೆನಾಯಿಯೊಂದರ ಅಪ್ಪ, ಅಜ್ಜ ಇಬ್ಬರೂ ಐದು ವರ್ಷ ತುಂಬುವ ಮೊದಲೇ ಹೃದಯ ನಿಂತು ಸತ್ತಿದ್ದರು. ಅದಕ್ಕೀಗ ನಾಲ್ಕು. ರಕ್ತ ತೋರಿಸಿಕೊಂಡು ಬಾ ಎಂಬ ಹೆಂಡತಿಯ ಕಾಟ ತಾಳಲಾರದೆ ಅದು ಕೆರೆಗೆ ಹೋಗಿ, ರಕ್ತದ ರುಚಿ ನೋಡಿ ರೋಗ ಹೇಳುವ ಮುದಿ ಜಿಗಣೆಗೆ ಕಾಲು ಕೊಟ್ಟಿತು.

"ರಕ್ತದಲ್ಲಿ ಕೊಬ್ಬು ಮಿತಿಮೀರಿದೆ, ತಮ್ಮಾ. ನಿಮ್ಮಪ್ಪನದೂ ಇದೇ ರುಚಿ. ಇವತ್ತೇ ಮದ್ದು ಶುರುಮಾಡು," ಎಂದಿತು ಜಿಗಣೆ.

"ನನಗೆ ಕೊಬ್ಬೇ? ದೂರದಿಂದಲೇ ನನ್ನ ಪಕ್ಕೆಲುಬು ಎಣಿಸಬಹುದು. ಹೋಗಿ ಕೆರೆಯಲ್ಲಿ ಬಿದ್ದಿರುವ ಆ ಎಮ್ಮೆಗೆ ಹೇಳು."

"ಎಮ್ಮೆಯ ರಕ್ತ ತಿಳಿಯಾಗಿದೆ. ಇದು ಮೈಯ ಮಾತಲ್ಲ, ಮನೆತನದ್ದು."

"ಮನೆತನದಿಂದ ನನಗೆ ಬಂದದ್ದು ವೇಗ ಮಾತ್ರ," ಎಂದು ನಾಯಿ ಕಾಲು ಕೊಡವಿ ಎರಡನೇ ಜಿಗಣೆಯ ಬಳಿ ಹೋಯಿತು. ಆಮೇಲೆ ಮೂರನೆಯದರ ಬಳಿ. ಆರು ಜಿಗಣೆಗಳೂ ಅದನ್ನೇ ಹೇಳಿದವು. ಏಳನೆಯದು ಆಗಷ್ಟೇ ಎಮ್ಮೆಯ ರಕ್ತ ಹೊಟ್ಟೆತುಂಬ ಕುಡಿದು ಬಿದ್ದುಕೊಂಡಿತ್ತು. ಮತ್ತೆ ಕಚ್ಚುವ ಶ್ರಮ ಅದಕ್ಕೆ ಬೇಡವಾಗಿತ್ತು. ಕಾಲಿಗೆ ಸುಮ್ಮನೆ ಬಾಯಿ ತಾಗಿಸಿ, "ತಿಳಿನೀರಿನಂತಿದೆ," ಎಂದಿತು.

"ಪರೀಕ್ಷೆ ಎಂದರೆ ಹೀಗಿರಬೇಕು," ಎಂದಿತು ನಾಯಿ.

ಅಷ್ಟರಲ್ಲಿ ಪೊದೆಯಿಂದ ಮೊಲವೊಂದು ಹಾರಿತು. ನಾಯಿ ಬೆನ್ನಟ್ಟಿತು. ಎರಡು ಹೊಲ ದಾಟಿದ ಮೇಲೆ ಮೊಲ ತಿರುಗಿ ನೋಡಿತು, ತುಸು ಹೊತ್ತು ಕಾಯಿತು, ಆಮೇಲೆ ಅಲ್ಲೇ ಕೂತು ಹುಲ್ಲು ಮೇಯತೊಡಗಿತು.