ಜೇನುನೊಣ ಬಾಗಿಲಲ್ಲಿ ನಿಂತು ರೆಕ್ಕೆ ಬೀಸುವುದೇಕೆ

ಲೋಕ ಆಗಿನ್ನೂ ಹೊಸದು, ಮಗಾ. ಬೆಟ್ಟಗಳ ಮೈ ಆರಿರಲಿಲ್ಲ, ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಜೇನುನೊಣಗಳು ಮಾತ್ರ ಆಗಲೇ ಹೊಂಗೆಮರದ ಪೊಟರೆಯಲ್ಲಿ ಮನೆ ಹೂಡಿದ್ದವು.

ಆ ಪೊಟರೆಯ ತುಂಬ ಬಿರುಕು. ಬಿರುಕಿನಿಂದ ಗಾಳಿರಾಯ ಬರೋನು, ಕೂಸುಗಳ ತೊಟ್ಟಿಲು ತಣ್ಣಗೆ ಮಾಡೋನು, ಹೋಗೋನು. ಯಾರೂ ಕರೆಯಬೇಕಿರಲಿಲ್ಲ. ಆ ಕೂಸುಗಳನ್ನು ಸಾಕುತ್ತಿದ್ದವಳು ಚುರುಕಿ ಅನ್ನೋ ಪುಟ್ಟ ಜೇನು.

ಒಂದು ದಿನ ಇರುವೆಗಳು ನುಗ್ಗಿ ಜೇನು ನೆಕ್ಕಿಕೊಂಡು ಹೋದವು. ರಾಣಿಗೆ ಸಿಟ್ಟು ಬಂತು. "ಒಂದು ಬಿರುಕೂ ಬಿಡಬೇಡಿ, ಮೇಣ ಮೆತ್ತಿ!" ಅಂದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯ್ತು. ಗಾಳಿರಾಯ ಒಳಗೆ ಕಾಲಿಡುತ್ತಿರುವಾಗಲೇ ಅವನ ಮುಖಕ್ಕೇ ಮೇಣ ಮೆತ್ತಿದರು. ಒಂದು ಮಾತಾದರೂ ಹೇಳಬೇಡವೇ? ಒಬ್ಬರು ಹೋಗಿಬರುವಷ್ಟು ಒಂದೇ ಬಾಗಿಲು ಉಳಿಯಿತು.

ಅಷ್ಟರಲ್ಲಿ ಹೊಂಗೆ ಹೂಬಿಟ್ಟಿತು. ಕೆಲಸ ಅಂದರೆ ಕೆಲಸ! ಸಾವಿರ ನೊಣ ತರೋದು, ಸಾವಿರ ನೊಣ ತುಂಬೋದು. ದುಡಿದಷ್ಟೂ ಮೈ ಕಾಯಿತು, ಮೈ ಕಾದಷ್ಟೂ ಗೂಡು ಕಾಯಿತು. ಮೂರನೇ ದಿನ ಮಧ್ಯಾಹ್ನ ಮೇಣವೇ ಮೆತ್ತಗಾಯಿತು. ಮೇಲಿನ ಸಾಲಿನ ತೊಟ್ಟಿಲು ಕಳಚಿ ಒಂಬತ್ತು ಕೂಸುಗಳು ಕೆಳಗೆ ಬಿದ್ದವು.

ಚುರುಕಿ ಕೆಂಡಾಮಂಡಲವಾದಳು. ನೇರ ರಾಣಿಯ ಹತ್ತಿರ ಹೋದಳು.

"ಏನಮ್ಮಾ, ಇದು ನ್ಯಾಯವಾ? ಮೈ ಮುರಿದು ದುಡೀಬೇಕು, ಉಸಿರಾಡೋಕೆ ಮಾತ್ರ ಒಂದು ಸಂದೂ ಬೇಡ! ಕೂಸುಗಳು ಬೇಯ್ತಿವೆ!"

"ಇನ್ನೆರಡು ದಿನ ತಡಕೋ. ಹೂವು ಮುಗೀಲಿ," ಅಂದಳು ರಾಣಿ.

"ಅಷ್ಟರಲ್ಲಿ ಕೂಸೇ ಇರಲ್ಲ. ಆಮೇಲೆ ಆ ಜೇನು ಯಾರಿಗೆ ಉಣಿಸ್ತೀಯ, ಬಂಡೆಗಾ?"

ರಾಣಿ ಕಿವಿಗೇ ಹಾಕಿಕೊಳ್ಳಲಿಲ್ಲ. ಚುರುಕಿ ಹೊರಗೆ ಹಾರಿ ಗಾಳಿರಾಯನನ್ನು ಹುಡುಕಿದಳು. ಅವನು ಗುಡ್ಡದ ಹಿಂದೆ ಮುಖ ಊದಿಸಿಕೊಂಡು ಕೂತಿದ್ದ.

"ಮುಖಕ್ಕೆ ಮೆತ್ತಿದೋರ ಮನೆಗೆ ನಾನಾಗಿ ಕಾಲಿಡಲ್ಲ ಅಂತ ಆಣೆ ಮಾಡಿದ್ದೀನಿ," ಅಂದ.

"ಮೆತ್ತಿದೋರು ದೊಡ್ಡೋರು, ಬೇಯ್ತಿರೋದು ಕೂಸುಗಳು. ನಾಚಿಕೆ ಆಗಲ್ವಾ ನಿನಗೆ?"

ಗಾಳಿರಾಯ ತಲೆ ತಗ್ಗಿಸಿದ. "ಆಣೆ ಮುರಿಯೋಕಾಗಲ್ಲ ತಾಯಿ. ಯಾರಾದರೂ ಎಳಕೊಂಡು ಹೋದರೆ ಬೇಡ ಅನ್ನಲ್ಲ."

"ಎಳೀತೀನಿ, ಬಾ!"

ಚುರುಕಿ ಬಾಗಿಲ ಮೇಣವನ್ನು ಕಚ್ಚಿ ಕಚ್ಚಿ ಅಗಲ ಮಾಡಿದಳು. ಕಾಲೂರಿ ನಿಂತು ರೆಕ್ಕೆ ಬೀಸಿದಳು, ಬೀಸಿದಳು, ಬೀಸಿದಳು. ಬಿಸಿಗಾಳಿ ಹೊರಗೆ ಬಂತು, ತಂಗಾಳಿ ಒಳಗೆ ಹೋಯಿತು. ಆದರೆ ಒಬ್ಬಳಿಂದ ಆಗುವ ಕೆಲಸವೇ ಅದು? ಹೂವಿನಿಂದ ಬಂದವರೆಲ್ಲ ಹೊರೆ ಇಳಿಸಿ ಅವಳ ಪಕ್ಕದಲ್ಲಿ ನಿಂತು ಬೀಸತೊಡಗಿದರು.

"ಜೇನು ತರೋರು ಯಾರು?" ರಾಣಿ ಒಳಗಿಂದ ಕೂಗಿದಳು.

"ಗೂಡು ತಣ್ಣಗಾದ ಮೇಲೆ!" ಅಂದಳು ಚುರುಕಿ. ತಿರುಗಿಯೂ ನೋಡಲಿಲ್ಲ.

ಸಂಜೆಗೆ ಮೇಣ ಗಟ್ಟಿಯಾಯಿತು. ಬಿದ್ದ ಒಂಬತ್ತು ಕೂಸುಗಳು ಬದುಕಲಿಲ್ಲ. ಮಿಕ್ಕವೆಲ್ಲ ಬದುಕಿಕೊಂಡವು.

ಅದಕ್ಕೇ ಮಗಾ, ಈಗಲೂ ಬಿಸಿಲೇರಿದರೆ ಜೇನುನೊಣಗಳು ಕೆಲಸ ಬಿಟ್ಟು, ಬಾಗಿಲಲ್ಲಿ ಸಾಲಾಗಿ ನಿಂತು ಗುಂಯ್ ಅಂತ ಬೈಯುತ್ತಾ ರೆಕ್ಕೆ ಬೀಸುತ್ತವೆ. ನೀನು ರಜಾಯಿ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದರ ಸಂದೆಲ್ಲ ಮುಚ್ಚಿ, ಮೂರು ಗಂಟೆ ಗೇಮ್ ಆಡಿದಾಗ ಒಳಗಿನ ಫ್ಯಾನಿನಿಂದ ಕೇಳಿಸೋದೂ ಅದೇ ಬೈಗುಳ. ಎತ್ತಿ ಮೇಜಿನ ಮೇಲಿಡು, ದುಡಿಯೋದಕ್ಕೆ ಉಸಿರಾದರೂ ಬೇಡವೇ!